ಮೂಟೆ ಗೋಡೌನಿನಲ್ಲಿರಲಿ, ಚೀಟಿ ಕೈಯಲ್ಲಿರಲಿ: ಲೇಜಿ ಪ್ರಾಕ್ಸಿ ಬರೆಯುವುದು ಹೇಗೆ

"ಏನ್ರೀ ಇದು, ಕಾಫಿ ಕುಡಿದು ಬಂದ್ರೂ ಇನ್ನೂ ಸುತ್ತುತ್ತಲೇ ಇದೆಯಲ್ಲ?"

ಫೋನ್ ಮಾಡಿದವರು ಶಿವಮೊಗ್ಗದ ಒಂದು ಅಡಿಕೆ ಮಂಡಿಯ ಗುಮಾಸ್ತರು. ಸುತ್ತುತ್ತಿದ್ದದ್ದು ನಾನು ಬರೆದುಕೊಟ್ಟ ಲೆಕ್ಕದ ಸಾಫ್ಟ್‌ವೇರ್. ನಾನು ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಕೂತು ಕೋಡ್ ಬರೆಯುವವನು. ಅಡಿಕೆ ಗೊನೆಗಳ ಕೊಯ್ಲು ಶುರುವಾಗುವವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಸುಗ್ಗಿ ಜೋರಾಗಿ ಲಾಟುಗಳು ಸಾವಿರ ದಾಟಿದವು ನೋಡಿ, ಮೊದಲ ಪರದೆ ಬರುವುದಕ್ಕೇ ನಿಮಿಷಗಟ್ಟಲೆ ಹಿಡಿಯತೊಡಗಿತು.

ತಪ್ಪು ನನ್ನದೇ. ಲಾಟ್ ಎಂಬ ಕ್ಲಾಸ್ (ಆಬ್ಜೆಕ್ಟುಗಳನ್ನು ಕಟ್ಟುವ ಅಚ್ಚು) ಬರೆದಿದ್ದೆ. ಅದರ ಕನ್‌ಸ್ಟ್ರಕ್ಟರಿನಲ್ಲೇ, ಅಂದರೆ ಆಬ್ಜೆಕ್ಟ್ ಹುಟ್ಟುವಾಗಲೇ ಓಡುವ ಕೋಡಿನಲ್ಲೇ, ಫೋಟೋ, ತೇವಾಂಶದ ವರದಿ, ಹಳೆಯ ಬಿಡ್‌ಗಳು ಎಲ್ಲವನ್ನೂ ಡೇಟಾಬೇಸಿನಿಂದ ಎಳೆದು ತರುತ್ತಿದ್ದೆ. ಗುಮಾಸ್ತರಿಗೆ ಬೆಳಿಗ್ಗೆ ಬೇಕಾಗಿದ್ದದ್ದು ಬರೀ ಪಟ್ಟಿ. ನಾನು ಇಡೀ ಗೋಡೌನನ್ನೇ ಅವರ ಮೇಜಿನ ಮೇಲೆ ಸುರಿಯುತ್ತಿದ್ದೆ.

ಅದೇ ಮಂಡಿಯಲ್ಲಿ ಕಾಗದದ ಕೆಲಸ ಹೇಗೆ ನಡೆಯುತ್ತದೆ ಎಂದು ನೋಡಿದ್ದರೆ ಈ ತಪ್ಪೇ ಆಗುತ್ತಿರಲಿಲ್ಲ. ರೈತರು ಮೂಟೆ ಇಳಿಸುತ್ತಾರೆ. ತೂಗಿ ಒಂದು ಚೀಟಿ ಬರೆಯುತ್ತಾರೆ: ಹೆಸರು, ಲಾಟ್ ನಂಬರ್, ಎಷ್ಟು ಚೀಲ, ತೂಕ, ದರ್ಜೆ ರಾಶಿಯೋ ಬೆಟ್ಟೆಯೋ ಗೊರಬಲೋ ಸರಕೋ. ಮೂಟೆ ಗೋಡೌನಿಗೆ ಹೋಗುತ್ತದೆ. ದರ ಏರಲಿ ಎಂದು ತಿಂಗಳುಗಟ್ಟಲೆ ಅಲ್ಲೇ ಇಡುವವರೂ ಇದ್ದಾರೆ. ಅಷ್ಟು ದಿನ ಮಾತುಕತೆ, ಲೆಕ್ಕ, ಮುಂಗಡ ಎಲ್ಲ ಚೀಟಿಯ ಮೇಲೆಯೇ. ವ್ಯಾಪಾರಿ ಬಂದು "ಮಾಲು ತೋರಿಸ್ರಿ" ಅಂದಾಗ ಮಾತ್ರ ಹಮಾಲರು ಹೋಗಿ ಮೂಟೆ ಹೊತ್ತು ತರುತ್ತಾರೆ.

ಲೇಜಿ ಪ್ರಾಕ್ಸಿ ಎಂದರೆ ಆ ಚೀಟಿ. ಅಸಲಿ ಆಬ್ಜೆಕ್ಟ್ ಇರಬೇಕಾದ ಜಾಗದಲ್ಲಿ ಅದರಂತೆಯೇ ಕಾಣುವ ಒಂದು ಹಗುರ ಆಬ್ಜೆಕ್ಟ್ ಇಡುತ್ತೀರಿ. ಬಳಸುವವರಿಗೆ ವ್ಯತ್ಯಾಸ ಗೊತ್ತಾಗಬಾರದು. ನಿಜವಾಗಿ ಬೇಕಾದ ಕ್ಷಣದಲ್ಲಿ ಅದು ಅಸಲಿಯನ್ನು ಸೃಷ್ಟಿಸಿ ಕೆಲಸವನ್ನು ಅದಕ್ಕೆ ದಾಟಿಸುತ್ತದೆ. 1994ರಲ್ಲಿ ನಾಲ್ವರು ಲೇಖಕರ ಡಿಸೈನ್ ಪ್ಯಾಟರ್ನ್ಸ್ ಪುಸ್ತಕ ಬಂದಾಗ ಇದಕ್ಕೆ ವರ್ಚುವಲ್ ಪ್ರಾಕ್ಸಿ ಎಂಬ ಹೆಸರು ಗಟ್ಟಿಯಾಯಿತು. ಅಲ್ಲಿನ ಉದಾಹರಣೆ ಡಾಕ್ಯುಮೆಂಟಿನೊಳಗಿನ ದೊಡ್ಡ ಚಿತ್ರಗಳದ್ದು. ಪುಟ ತೆರೆಯುವಾಗ ಚಿತ್ರದ ಅಳತೆ ಸಾಕು, ಚಿತ್ರ ಆಮೇಲೆ ಬಂದರಾಯಿತು. ನಮ್ಮ ಮಂಡಿಯ ಸಮಸ್ಯೆಯೂ ಹೆಚ್ಚುಕಡಿಮೆ ಅದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಚೀಟಿ ಬರೆದ ಮಾತ್ರಕ್ಕೆ ಮೂಟೆಯ ಭಾರ ಕಡಿಮೆಯಾಗುವುದಿಲ್ಲ. ಅದನ್ನು ಯಾವಾಗ ಹೊರಬೇಕು, ಯಾರು ಹೊರಬೇಕು ಎಂಬುದಷ್ಟೇ ಬದಲಾಗುತ್ತದೆ. ಮುಂದಿನ ಹೆಜ್ಜೆಗಳೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇವೆ. ಕೋಡನ್ನು ಯಾವ ಭಾಷೆಗೂ ಕಟ್ಟುಬೀಳದಂತೆ ಕನ್ನಡದಲ್ಲೇ ಕರಡಿನ ಹಾಗೆ ಬರೆದಿದ್ದೇನೆ. ನಿಮ್ಮ ಭಾಷೆಗೆ ಇಳಿಸಿಕೊಳ್ಳುವುದು ಕಷ್ಟವಾಗಲಾರದು.

ಮೊದಲು ಅಳೆಯಿರಿ

ಯಾವುದು ಭಾರ ಎಂದು ಗೊತ್ತಿಲ್ಲದೆ ಪ್ರಾಕ್ಸಿ ಬರೆಯಲು ಕೂರಬೇಡಿ. ಯಾವ ಕೋಡಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಪ್ರೊಫೈಲರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಕನ್‌ಸ್ಟ್ರಕ್ಟರಿನ ಮೊದಲ ಸಾಲಿನಲ್ಲೊಮ್ಮೆ, ಕೊನೆಯ ಸಾಲಿನಲ್ಲೊಮ್ಮೆ ಸಮಯ ಬರೆಸಿಕೊಳ್ಳಿ. ಎರಡು ವಿಷಯ ನೋಡಬೇಕು. ಒಂದು, ಆ ಆಬ್ಜೆಕ್ಟ್ ಸೃಷ್ಟಿಯಾಗಲು ಎಷ್ಟು ಹೊತ್ತು, ಎಷ್ಟು ಮೆಮೊರಿ. ಇನ್ನೊಂದು, ಸೃಷ್ಟಿಯಾದವುಗಳಲ್ಲಿ ಎಷ್ಟನ್ನು ಯಾರಾದರೂ ನಿಜವಾಗಿ ಬಳಸಿದರು.

ಎರಡನೆಯದನ್ನು ಜನ ಮರೆಯುತ್ತಾರೆ. ಭಾರವಾದ ಆಬ್ಜೆಕ್ಟ್ ಪ್ರತಿ ಸಲವೂ ಬಳಕೆಯಾಗುತ್ತಿದ್ದರೆ ಲೇಜಿ ಮಾಡಿ ಏನು ಬಂತು? ಒಂದು ಪದರ ಜಾಸ್ತಿ ಆಯಿತು, ಅಷ್ಟೇ. ನಮ್ಮಲ್ಲಿ ಸಾವಿರಕ್ಕೂ ಹೆಚ್ಚು ಲಾಟುಗಳಲ್ಲಿ ದಿನಕ್ಕೆ ಬಿಚ್ಚಿ ನೋಡುತ್ತಿದ್ದದ್ದು ಮೂವತ್ತೋ ನಲವತ್ತೋ. ಇಂಥ ಕಡೆ ಪ್ರಾಕ್ಸಿ ಹೇಳಿ ಮಾಡಿಸಿದ್ದು.

ಚೀಟಿಯ ಮೇಲೆ ಏನೇನು ಬರೆಯಬೇಕು

ಇಡೀ ಕೆಲಸದಲ್ಲಿ ಯೋಚನೆ ಬೇಡುವ ಹೆಜ್ಜೆ ಇದು. ಕೋಡ್ ಆಮೇಲೆ ತಾನಾಗಿ ಬರುತ್ತದೆ.

ಮಂಡಿಯ ಚೀಟಿಯಲ್ಲಿ ತೂಕ ಇಲ್ಲದಿದ್ದರೆ ಏನಾಗುತ್ತಿತ್ತು? "ಒಟ್ಟು ಎಷ್ಟು ಕ್ವಿಂಟಲ್ ಇದೆ" ಎಂದು ಯಾರು ಕೇಳಿದರೂ ಹಮಾಲರು ಎಲ್ಲ ಮೂಟೆಗಳನ್ನೂ ಮತ್ತೆ ತೂಗಬೇಕಿತ್ತು. ಹಾಗೆಯೇ, ಪಟ್ಟಿಯ ಪರದೆಯಲ್ಲಿ ಕಾಣುವ, ವಿಂಗಡಿಸಲು ಬಳಸುವ, ಹುಡುಕಲು ಬಳಸುವ ಮಾಹಿತಿಯೆಲ್ಲ ಪ್ರಾಕ್ಸಿಯಲ್ಲೇ ಇರಬೇಕು. ನಮ್ಮ ಲಾಟಿಗೆ ಅವು ಲಾಟ್ ನಂಬರ್, ರೈತರ ಹೆಸರು, ದರ್ಜೆ, ತೂಕ. ಫೋಟೋ, ತೇವಾಂಶದ ವರದಿ, ಬಿಡ್‌ಗಳು ಗೋಡೌನಿನಲ್ಲೇ ಇರಲಿ.

ಇಲ್ಲೊಂದು ತೊಡಕಿದೆ. ಅಡಿಕೆ ಇಟ್ಟಲ್ಲೇ ಒಣಗುತ್ತದೆ, ತೂಕ ಇಳಿಯುತ್ತದೆ. ಮೂರು ತಿಂಗಳ ಹಿಂದಿನ ಚೀಟಿಯ ತೂಕ ಇವತ್ತಿನ ಮೂಟೆಯ ತೂಕ ಆಗಿರಲೇಬೇಕೆಂದಿಲ್ಲ. ಪ್ರಾಕ್ಸಿಯಲ್ಲಿ ನಕಲು ಮಾಡಿಟ್ಟ ಪ್ರತಿಯೊಂದು ಮಾಹಿತಿಗೂ ಈ ರೋಗ ತಗಲಬಹುದು. ಹಾಗಾಗಿ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ. ಬದಲಾಗದ ಮಾಹಿತಿಯನ್ನು ಧೈರ್ಯವಾಗಿ ಚೀಟಿಯಲ್ಲಿ ಬರೆಯುತ್ತೇನೆ. ಬದಲಾಗುವಂಥದ್ದಾದರೆ ಅದಕ್ಕೆ ಹೆಸರಿನಲ್ಲೇ ಗುರುತು ಹಾಕುತ್ತೇನೆ. ನಮ್ಮ ಕೋಡಿನಲ್ಲಿ ಅದರ ಹೆಸರು ತೂಕ ಎಂದಲ್ಲ, ಒಳಬಂದಾಗಿನ_ತೂಕ. ಒಂದು ಹೆಸರು ಬದಲಿಸಿದ್ದಕ್ಕೆ ಎಷ್ಟೋ ವಾದಗಳು ತಪ್ಪಿದವು.

ಇಬ್ಬರಿಗೂ ಒಂದೇ ಇಂಟರ್‌ಫೇಸ್

ಚೀಟಿಯೂ ಮೂಟೆಯೂ ಹೊರಗಿನವರಿಗೆ ಒಂದೇ ತರಹ ಕಾಣಬೇಕು. ಅದಕ್ಕೆ ಇಂಟರ್‌ಫೇಸ್, ಅಂದರೆ ಇಬ್ಬರೂ ಕೊಡಲೇಬೇಕಾದ ಮೆಥಡ್ಡುಗಳ ಪಟ್ಟಿ (ಕರಡು ಚಿಕ್ಕದಾಗಿರಲೆಂದು ರೈತರ ಹೆಸರು, ದರ್ಜೆ, ಬಿಡ್‌ಗಳನ್ನು ಬಿಟ್ಟಿದ್ದೇನೆ):

```
ಇಂಟರ್‌ಫೇಸ್ ಲಾಟ್
    ನಂಬರ್()
    ಒಳಬಂದಾಗಿನ_ತೂಕ()
    ಫೋಟೋಗಳು()
    ತೇವಾಂಶ_ವರದಿ()
```

ಪೂರ್ಣ_ಲಾಟ್ ಎಂಬ ಅಸಲಿ ಕ್ಲಾಸ್ ಇದನ್ನು ಪಾಲಿಸುತ್ತದೆ, ಲಾಟ್_ಚೀಟಿ ಎಂಬ ಪ್ರಾಕ್ಸಿಯೂ ಪಾಲಿಸುತ್ತದೆ. ಉಳಿದ ಕೋಡಿನಲ್ಲಿ ಎಲ್ಲೂ ಪೂರ್ಣ_ಲಾಟ್ ಎಂಬ ಹೆಸರೇ ಬರಬಾರದು, ಎಲ್ಲ ಕಡೆ ಲಾಟ್ ಎಂದೇ ಇರಬೇಕು. ಹಳೆಯ ಕೋಡಿನಲ್ಲಿ ಈ ಹೆಸರು ನೂರಾರು ಕಡೆ ಹರಡಿದ್ದರೆ ಅದನ್ನು ಮೊದಲು ಸರಿಮಾಡಿ, ಒಂದು ಸಲ ಎಲ್ಲ ಓಡಿಸಿ ನೋಡಿ, ಆಮೇಲೆ ಪ್ರಾಕ್ಸಿಗೆ ಕೈ ಹಾಕಿ. ಎರಡನ್ನೂ ಒಟ್ಟಿಗೆ ಮಾಡಹೊರಟರೆ ಕೆಟ್ಟಿದ್ದು ಎಲ್ಲಿ ಎಂದು ಹುಡುಕುವುದೇ ಒಂದು ಕೆಲಸವಾಗುತ್ತದೆ.

ಚೀಟಿ ಬರೆಯುವುದು

```
ಕ್ಲಾಸ್ ಲಾಟ್_ಚೀಟಿ : ಲಾಟ್
    ಖಾಸಗಿ ನಂ, ತೂಕ
    ಖಾಸಗಿ ತರುವ_ಕೆಲಸ
    ಖಾಸಗಿ ಅಸಲಿ = ಖಾಲಿ

    ನಂಬರ್()              → ನಂ
    ಒಳಬಂದಾಗಿನ_ತೂಕ()    → ತೂಕ
    ಫೋಟೋಗಳು()          → ಬಿಚ್ಚು().ಫೋಟೋಗಳು()
    ತೇವಾಂಶ_ವರದಿ()       → ಬಿಚ್ಚು().ತೇವಾಂಶ_ವರದಿ()

    ಖಾಸಗಿ ಬಿಚ್ಚು()
        ಅಸಲಿ ಖಾಲಿ ಆಗಿದ್ದರೆ
            ಅಸಲಿ = ತರುವ_ಕೆಲಸ()
            ತರುವ_ಕೆಲಸ = ಖಾಲಿ
        ಅಸಲಿಯನ್ನು ಕೊಡು
```

ತರುವ_ಕೆಲಸ ಎಂಬುದು ಒಂದು ಫಂಕ್ಷನ್. ಪ್ರಾಕ್ಸಿಗೆ ಡೇಟಾಬೇಸ್ ಯಾವುದು, ಫೈಲ್ ಎಲ್ಲಿದೆ ಎಂಬ ಉಸಾಬರಿ ಬೇಡ. "ಇದನ್ನು ಕರೆದರೆ ಅಸಲಿ ಬರುತ್ತದೆ" ಎಂದಷ್ಟೇ ಗೊತ್ತಿದ್ದರೆ ಸಾಕು. ಪರೀಕ್ಷೆ ಬರೆಯುವಾಗ ಇದರಿಂದ ತುಂಬಾ ಅನುಕೂಲ, ಮುಂದೆ ನೋಡೋಣ.

ಅಸಲಿ ಸಿಕ್ಕಮೇಲೆ ತರುವ_ಕೆಲಸವನ್ನು ಖಾಲಿ ಮಾಡಿದ್ದನ್ನು ಗಮನಿಸಿದಿರಾ? ಆ ಫಂಕ್ಷನ್ ತನ್ನೊಳಗೆ ಡೇಟಾಬೇಸ್ ಕನೆಕ್ಷನ್, ಇನ್ನೇನೇನೋ ಹಿಡಿದುಕೊಂಡಿರುತ್ತದೆ. ಮೂಟೆ ಬಂದಮೇಲೂ ಹಮಾಲರನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡರೆ ಮೆಮೊರಿ ಸುಮ್ನೆ ಹಾಳು. ಈ ಒಂದು ಸಾಲನ್ನು ಬಹಳ ಜನ ಬರೆಯುವುದೇ ಇಲ್ಲ.

ಇನ್ನು, ತಂದ ಮೂಟೆ ವಾಪಸ್ ಹೋಗುವುದಿಲ್ಲ ಎಂಬುದೂ ನೆನಪಿರಲಿ. ಗುಮಾಸ್ತರು ಸಂಜೆಯವರೆಗೆ ಒಂದೊಂದೇ ಲಾಟ್ ತೆರೆಯುತ್ತಾ ಹೋದರೆ ಫೋಟೋಗಳೆಲ್ಲ ಮೆಮೊರಿಯಲ್ಲಿ ರಾಶಿಬೀಳುತ್ತಾ ಹೋಗುತ್ತವೆ. ಲೇಜಿ ಎಂಬುದು ತಡವಾಗಿ ತರುತ್ತದೆ, ಬೇಗ ಬಿಡುವುದಿಲ್ಲ. ನಾನು ಪರದೆ ಮುಚ್ಚಿದಾಗ ಇಡೀ ಪಟ್ಟಿಯನ್ನೇ ಎಸೆದು, ಮತ್ತೆ ಬೇಕಾದಾಗ ಹೊಸ ಚೀಟಿಗಳನ್ನು ಬರೆಯುತ್ತೇನೆ. ಚೀಟಿಗೆ ಖರ್ಚೇನು, ಅಗ್ಗ.

ಮೂಟೆ ತರಲು ಹೋದವರು ಬರಿಗೈಯಲ್ಲಿ ಬಂದರೆ

ಕನ್‌ಸ್ಟ್ರಕ್ಟರಿನಲ್ಲೇ ಎಲ್ಲ ತರುತ್ತಿದ್ದಾಗ ಒಂದು ನೆಮ್ಮದಿ ಇತ್ತು. ಡೇಟಾಬೇಸ್ ಸಿಗದಿದ್ದರೆ ಮೊದಲ ಸಾಲಿನಲ್ಲೇ ಬಿದ್ದುಹೋಗುತ್ತಿತ್ತು. ಈಗ ಹಾಗಿಲ್ಲ. ಪಟ್ಟಿ ಬಂದಿದೆ, ಪರದೆ ನಗುತ್ತಿದೆ. ಫೋಟೋ ಒತ್ತಿದಾಗ ಬೀಳುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವುದು, ಅದರ ಹಿಂದೆಯೇ ನೆಟ್‌ವರ್ಕ್ ಹೋಗುವುದು ಹೊಸದೇನಲ್ಲ. ಫೋಟೋಗಳು() ಎಂದು ಕರೆದವರಿಗೆ ಅದು ನೆಟ್‌ವರ್ಕಿನ ಕೆಲಸ ಎಂಬುದೇ ಗೊತ್ತಿರುವುದಿಲ್ಲ, ಏಕೆಂದರೆ ಗೊತ್ತಾಗದ ಹಾಗೆ ಮಾಡಿದ್ದು ನಾವೇ.

ಇಲ್ಲಿ ತೀರ್ಮಾನಿಸಬೇಕಾದದ್ದು ಇಷ್ಟು: ಒಮ್ಮೆ ಸೋತಮೇಲೆ ಮುಂದಿನ ಸಲ ಕೇಳಿದಾಗ ಮತ್ತೆ ಪ್ರಯತ್ನಿಸಬೇಕೋ, ಹಳೆಯ ಸೋಲನ್ನೇ ತಿರುಗಿ ತೋರಿಸಬೇಕೋ? ಭಾಷೆಗಳು ಇದರಲ್ಲಿ ಒಂದೊಂದು ದಾರಿ ಹಿಡಿದಿವೆ. ಕಾಟ್ಲಿನ್ ಭಾಷೆಯ ಲೇಜಿ ಸೌಲಭ್ಯದಲ್ಲಿ ಎಕ್ಸೆಪ್ಷನ್ (ಕೆಲಸ ಕೆಟ್ಟಿತೆಂಬ ಸೂಚನೆ) ಬಂದರೆ ಮುಂದಿನ ಸಲ ಮತ್ತೆ ಪ್ರಯತ್ನ ನಡೆಯುತ್ತದೆ. ಪಿಎಚ್‌ಪಿ 8.4ರಲ್ಲಿ ಆಬ್ಜೆಕ್ಟ್ ತನ್ನ ಮೊದಲಿನ ಸ್ಥಿತಿಗೆ ಮರಳಿ ಮತ್ತೆ ಲೇಜಿ ಆಗುತ್ತದೆ. ಸಿ ಶಾರ್ಪಿನ ಲೇಜಿ ಟೈಪಿಗೆ ನೀವೇ ಫಂಕ್ಷನ್ ಕೊಟ್ಟು ಉಳಿದದ್ದನ್ನು ಹಾಗೇ ಬಿಟ್ಟರೆ ಮಾತ್ರ ಕಥೆ ಬೇರೆ. ಮೊದಲ ಎಕ್ಸೆಪ್ಷನನ್ನೇ ಅದು ಇಟ್ಟುಕೊಂಡು ಪ್ರತಿ ಸಲವೂ ಅದನ್ನೇ ಎಸೆಯುತ್ತದೆ. ನೆಟ್‌ವರ್ಕ್ ಎರಡು ಸೆಕೆಂಡ್ ಹೋಗಿ ಬಂದಿರುತ್ತದೆ, ಆ ಆಬ್ಜೆಕ್ಟ್ ಮಾತ್ರ ಸಾಯುವವರೆಗೂ "ಇಲ್ಲ" ಅನ್ನುತ್ತಲೇ ಇರುತ್ತದೆ. ಅಲ್ಲಿ ಪಬ್ಲಿಕೇಷನ್ ಓನ್ಲಿ ಎಂಬ ಇನ್ನೊಂದು ಬಗೆ ಆರಿಸಿಕೊಂಡರೆ ಸೋಲನ್ನು ಹಿಡಿದಿಟ್ಟುಕೊಳ್ಳುವುದಿಲ್ಲ.

ಮೇಲಿನ ನಮ್ಮ ಕರಡಿನಲ್ಲಿ ತರುವ_ಕೆಲಸ ಬಿದ್ದರೆ ಅಸಲಿ ಖಾಲಿಯಾಗಿಯೇ ಉಳಿಯುತ್ತದೆ, ಮುಂದಿನ ಸಲ ಮತ್ತೆ ಹೋಗುತ್ತದೆ. ನನಗೆ ಬೇಕಾದದ್ದೂ ಅದೇ. ಆದರೆ ಆ ಎರಡು ಸಾಲುಗಳ ಕ್ರಮ ಅದಲುಬದಲು ಮಾಡಿ, ಮೊದಲು ತರುವ_ಕೆಲಸ ಖಾಲಿ ಮಾಡಿದಿರೋ, ಕೆಟ್ಟಿರಿ. ಯಾವ ಚೀಟಿಯೂ ಯಾವತ್ತಿಗೂ ಬಿಚ್ಚುವುದಿಲ್ಲ.

ಗೋಡೌನ್ ಬಾಗಿಲು ಹಾಕಿದ ಮೇಲೆ

ಇದು ಇನ್ನೊಂದು ಬಗೆಯ ಸೋಲು, ನೆಟ್‌ವರ್ಕಿಗೂ ಇದಕ್ಕೂ ಸಂಬಂಧವಿಲ್ಲ. ಜಾವಾದಲ್ಲಿ ಹೈಬರ್ನೇಟ್ (ಡೇಟಾಬೇಸಿನ ಸಾಲುಗಳನ್ನು ಆಬ್ಜೆಕ್ಟುಗಳಾಗಿ ಕೊಡುವ ಸಾಧನ) ಬಳಸಿದವರಿಗೆ ಲೇಜಿ ಇನಿಷಿಯಲೈಸೇಷನ್ ಎಕ್ಸೆಪ್ಷನ್ ಎಂಬ ಹೆಸರು ಕೇಳಿದರೇ ಮೈ ಉರಿಯುತ್ತದೆ. ಡೇಟಾಬೇಸ್ ಸೆಷನ್ ತೆರೆದಿರುವಾಗ ಚೀಟಿ ಕೊಟ್ಟಿರುತ್ತಾರೆ. ಸೆಷನ್ ಮುಚ್ಚುತ್ತದೆ. ಆಮೇಲೆ ಪರದೆ ಕಟ್ಟುವ ಕೋಡು ಆ ಚೀಟಿ ಹಿಡಿದು "ಫೋಟೋ ಕೊಡಿ" ಅನ್ನುತ್ತದೆ. ಸಂಜೆ ಬೀಗ ಹಾಕಿದ ಗೋಡೌನ್ ಮುಂದೆ ಚೀಟಿ ಹಿಡಿದು ನಿಂತ ಹಾಗೆ.

ಸುಲಭದ ದಾರಿ ಎಂದರೆ ಬಾಗಿಲನ್ನು ರಾತ್ರಿಯವರೆಗೂ ತೆರೆದಿಡುವುದು. ಜಾವಾದ ವೆಬ್ ಚೌಕಟ್ಟಾದ ಸ್ಪ್ರಿಂಗ್ ಬೂಟಿನಲ್ಲಿ ಓಪನ್ ಇನ್ ವ್ಯೂ ಎಂಬ ಏರ್ಪಾಡು ಮಾಡುವುದು ಇದನ್ನೇ. ನೀವಾಗಿ ಮುಚ್ಚದಿದ್ದರೆ ಅದು ತೆರೆದೇ ಇರುತ್ತದೆ, ಶುರುವಾಗುವಾಗ ಲಾಗಿನಲ್ಲಿ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ. ನನಗೆ ಅದು ಇಷ್ಟವಿಲ್ಲ. ಪರದೆ ಕಟ್ಟುವ ಕೋಡು ಯಾವಾಗ ಬೇಕಾದರೂ ಡೇಟಾಬೇಸಿಗೆ ಓಡಬಹುದು ಎಂದಾದರೆ ನಿಧಾನ ಎಲ್ಲಿಂದ ಬಂತು ಎಂದು ಹುಡುಕುವುದು ಕಷ್ಟ. ಸೆಷನ್ ಮುಚ್ಚುವ ಮೊದಲೇ, ಈ ಪರದೆಗೆ ಯಾವ ಯಾವ ಮೂಟೆ ಬೇಕು ಎಂದು ತೀರ್ಮಾನಿಸಿ ಬಿಚ್ಚಿಸಿಕೊಳ್ಳಿ. ಬೇಡದ್ದರ ಚೀಟಿಯನ್ನು ಹೊರಗೆ ಬಿಡಲೇಬೇಡಿ.

ಒಂದೊಂದೇ ಮೂಟೆ ಹೊರಿಸಬೇಡಿ

200 ಲಾಟುಗಳ ವರದಿ ಮುದ್ರಿಸಬೇಕು, ಪ್ರತಿಯೊಂದರ ತೇವಾಂಶವೂ ಬೇಕು ಎಂದಿಟ್ಟುಕೊಳ್ಳಿ. ಪಟ್ಟಿಗೆ ಒಂದು ಕ್ವೆರಿ (ಡೇಟಾಬೇಸಿಗೆ ಕೇಳುವ ಒಂದು ಪ್ರಶ್ನೆ). ಆಮೇಲೆ ಲೂಪಿನಲ್ಲಿ ಪ್ರತಿ ಚೀಟಿ ಬಿಚ್ಚಿಕೊಂಡು ಒಂದೊಂದು ಕ್ವೆರಿ. ಒಟ್ಟು 201. ಒಂದು ಸಲ ಹೋಗಿ ಬರಲು 40 ಮಿಲಿಸೆಕೆಂಡ್ ಎಂದರೂ 8 ಸೆಕೆಂಡ್ ಆಯಿತು. ಹಮಾಲರನ್ನು 200 ಸಲ ಓಡಿಸಿದ ಹಾಗೆ. ಒಂದು ಪಟ್ಟಿ ಕೊಟ್ಟು "ಇಷ್ಟನ್ನೂ ಗಾಡಿಯಲ್ಲಿ ಹಾಕಿಕೊಂಡು ಬನ್ನಿ" ಅಂದಿದ್ದರೆ ಒಂದೇ ಓಡಾಟ. ಇದನ್ನು ಎನ್ ಪ್ಲಸ್ ಒನ್ ತೊಂದರೆ ಅನ್ನುತ್ತಾರೆ. ಲೇಜಿ ಪ್ರಾಕ್ಸಿ ಇರುವ ಕಡೆಯೆಲ್ಲ ಇದು ಇಣುಕುತ್ತಿರುತ್ತದೆ.

ಪರಿಹಾರ ಸರಳ. ಎಲ್ಲವೂ ಬೇಕೆಂದು ಮೊದಲೇ ಗೊತ್ತಿರುವ ಕೆಲಸಕ್ಕೆ ಪ್ರಾಕ್ಸಿ ಬಿಟ್ಟು, ಟೇಬಲ್ಲುಗಳನ್ನು ಜೋಡಿಸಿ (ಜಾಯಿನ್) ಒಂದೇ ಕ್ವೆರಿಯಲ್ಲಿ ಪೂರ್ಣ_ಲಾಟುಗಳನ್ನೇ ತರುವ ಬೇರೆ ಮೆಥಡ್ ಬರೆಯಿರಿ. ಇಂಟರ್‌ಫೇಸ್ ಒಂದೇ ಆದ್ದರಿಂದ ಬಳಸುವ ಕೋಡಿಗೆ ಏನೂ ವ್ಯತ್ಯಾಸವಿಲ್ಲ.

ನಾನು ಬಿದ್ದ ಗುಂಡಿ ಇದಕ್ಕಿಂತ ಹಾಸ್ಯಾಸ್ಪದ. ಪ್ರಾಕ್ಸಿ ಹಾಕಿ, ಮಂಡಿಗೆ ಕಳಿಸಿ, ಬೆನ್ನು ತಟ್ಟಿಕೊಂಡಿದ್ದೆ. ಮರುದಿನ ಮತ್ತೆ ಫೋನ್.

"ನಿನ್ನೆಗಿಂತ ಇವತ್ತೇ ನಿಧಾನ ಮಾರಾಯ್ರೇ."

ನಂಬಲಿಲ್ಲ. ಕ್ವೆರಿಗಳ ಲಾಗ್ ತೆರೆದು ನೋಡಿದೆ. ಪಟ್ಟಿ ಬಂದ ತಕ್ಷಣ ಸಾವಿರ ಕ್ವೆರಿ ಸಾಲುಗಟ್ಟಿ ಓಡುತ್ತಿದ್ದವು. ಯಾರು ಬಿಚ್ಚುತ್ತಿದ್ದಾರೆ? ಅರ್ಧ ದಿನ ಹುಡುಕಿದ ಮೇಲೆ ಸಿಕ್ಕಿತು: ನಾನೇ ಪರೀಕ್ಷೆಗೆಂದು ಬರೆದಿದ್ದ ಒಂದು ಲಾಗ್ ಸಾಲು. "ಬಂದ ಲಾಟುಗಳು" ಎಂದು ಇಡೀ ಪಟ್ಟಿಯನ್ನು ಮುದ್ರಿಸುತ್ತಿತ್ತು. ಆಬ್ಜೆಕ್ಟನ್ನು ಅಕ್ಷರವಾಗಿ ತೋರಿಸುವ ಮೆಥಡ್ "ಫೋಟೋ: 4" ಎಂದು ಎಣಿಕೆ ಹೇಳಲು ಫೋಟೋಗಳನ್ನು ಕೇಳುತ್ತಿತ್ತು. ಅಷ್ಟಕ್ಕೆ ಪ್ರತಿ ಮೂಟೆಯೂ ಬಿಚ್ಚಿಕೊಂಡಿತ್ತು. ಮೊದಲು ದೊಡ್ಡ ದೊಡ್ಡ ಕ್ವೆರಿಗಳಲ್ಲಿ ಬರುತ್ತಿದ್ದದ್ದು ಈಗ ಒಂದೊಂದಾಗಿ ಬರುತ್ತಿತ್ತು, ಅದಕ್ಕೇ ಇನ್ನೂ ನಿಧಾನ.

ಆದ್ದರಿಂದ ಪ್ರಾಕ್ಸಿಗೆ ತನ್ನದೇ ಆದ, ಚೀಟಿಯ ಮೇಲಿನದನ್ನಷ್ಟೇ ಹೇಳುವ ಅಕ್ಷರರೂಪ ಬರೆಯಿರಿ. ಡೀಬಗ್ಗರಿನಲ್ಲೂ ಹುಷಾರು. ಕಿಟಕಿಯಲ್ಲಿ ಆಬ್ಜೆಕ್ಟ್ ತೋರಿಸಲು ಅದು ಇದೇ ಮೆಥಡ್ ಕರೆಯಬಹುದು. ನೀವು ನೋಡುವಾಗಲೆಲ್ಲ ಬಿಚ್ಚಿಕೊಂಡಿರುತ್ತದೆ, ನೋಡದಿದ್ದಾಗ ಮುಚ್ಚಿರುತ್ತದೆ, ತಲೆ ಕೆಡುತ್ತದೆ. ಆಬ್ಜೆಕ್ಟನ್ನು ಜೇಸನ್ (JSON) ಎಂಬ ಪಠ್ಯರೂಪಕ್ಕೆ ಇಳಿಸಿ ಕಳಿಸುವ ಕಡೆಯೂ ಇದೇ ಪಾಡು.

ಇಬ್ಬರು ಒಟ್ಟಿಗೆ ಬಂದರೆ

ಎರಡು ಥ್ರೆಡ್‌ಗಳು (ಏಕಕಾಲಕ್ಕೆ ಓಡುವ ಕೆಲಸದ ಎಳೆಗಳು) ಒಂದೇ ಚೀಟಿ ಹಿಡಿದರೆ, ಎರಡಕ್ಕೂ ಅಸಲಿ ಖಾಲಿ ಎಂದೇ ಕಾಣುತ್ತದೆ. ಎರಡೂ ಗೋಡೌನಿಗೆ ಓಡುತ್ತವೆ. ಎರಡು ಅಸಲಿಗಳು ಹುಟ್ಟುತ್ತವೆ. ಬರೀ ಓದುವ ಮಾಹಿತಿಯಾದರೆ ನಷ್ಟ ಸ್ವಲ್ಪ ಸಮಯ ಅಷ್ಟೇ. ಅಸಲಿಯೊಳಗೆ ಬದಲಾಯಿಸುವ ಲೆಕ್ಕ ಇದ್ದರೆ ಒಂದರ ಬದಲಾವಣೆ ಕಳೆದೇ ಹೋಗುತ್ತದೆ.

ಬಿಚ್ಚು() ಒಳಗೆ ಬೀಗ (ಲಾಕ್) ಹಾಕಿ, ಒಮ್ಮೆಗೆ ಒಂದೇ ಥ್ರೆಡ್ ಒಳಗೆ ಹೋಗಲಿ. ಬೀಗ ದುಬಾರಿ ಎಂದು ಮೊದಲು ಬೀಗವಿಲ್ಲದೆ ನೋಡಿ, ಖಾಲಿ ಇದ್ದರೆ ಮಾತ್ರ ಬೀಗ ಹಾಕಿ ಮತ್ತೊಮ್ಮೆ ನೋಡುವ ಜಾಣತನವೂ ಇದೆ. ಜಾವಾದಲ್ಲಿ 2004ರ ಜಾವಾ 5 ಬರುವವರೆಗೆ ಈ ಜಾಣತನವನ್ನು ನಂಬುವ ಹಾಗೇ ಇರಲಿಲ್ಲ. ಅರ್ಧ ಕಟ್ಟಿದ ಆಬ್ಜೆಕ್ಟ್ ಇನ್ನೊಂದು ಥ್ರೆಡ್ಡಿಗೆ ಕಾಣಬಹುದಿತ್ತು. ಈಗಲೂ ಆ ಫೀಲ್ಡಿಗೆ ವಾಲಟೈಲ್ ಎಂದು ಬರೆಯದಿದ್ದರೆ ಅದೇ ಅಪಾಯ. ನನ್ನ ಸಲಹೆ: ಸುಮ್ನೆ ಪೂರ್ತಿ ಬೀಗ ಹಾಕಿ. ಅದು ನಿಜವಾಗಿಯೂ ನಿಧಾನ ಎಂದು ಅಳತೆಯಲ್ಲಿ ಕಂಡಮೇಲೆ ಜಾಣತನ ತೋರಿಸಿದರಾಯಿತು.

ಪೈಥಾನ್ ಬಳಸುವವರಿಗೆ ಒಂದು ವಿಷಯ. 2019ರ 3.8 ಆವೃತ್ತಿಯಲ್ಲಿ ಬಂದ, ಮೊದಲ ಸಲ ಲೆಕ್ಕ ಹಾಕಿ ಉತ್ತರ ಇಟ್ಟುಕೊಳ್ಳುವ ಕ್ಯಾಶ್ಡ್ ಪ್ರಾಪರ್ಟಿಯೊಳಗೆ ಮೊದಲು ಒಂದು ಬೀಗ ಇತ್ತು. 3.12ರಲ್ಲಿ ಅದನ್ನು ತೆಗೆದರು. ಹಳೆಯ ಕೋಡು ಆ ಬೀಗವನ್ನು ನಂಬಿಕೊಂಡಿದ್ದರೆ ಈಗ ನಿಮ್ಮದೇ ಬೀಗ ಬೇಕು.

ಚೀಟಿ ಮತ್ತು ಮೂಟೆ ಒಂದೇನಾ?

ವ್ಯವಹಾರಕ್ಕೆ ಒಂದೇ. ಕಂಪ್ಯೂಟರಿಗೆ ಎರಡು. ತೊಂದರೆ ಇರುವುದೇ ಇಲ್ಲಿ.

ಅಸಲಿ ಆಬ್ಜೆಕ್ಟ್ ತನ್ನ ಯಾವುದೋ ಮೆಥಡ್ಡಿನಲ್ಲಿ "ಇದೋ ನಾನು" ಎಂದು ತನ್ನನ್ನೇ ಹೊರಗೆ ಕೊಟ್ಟರೆ, ಒಬ್ಬರ ಕೈಯಲ್ಲಿ ಚೀಟಿ, ಇನ್ನೊಬ್ಬರ ಕೈಯಲ್ಲಿ ಮೂಟೆ. ಇಬ್ಬರದೂ ಅದೇ ಲಾಟ್. ಆದರೆ ಒಂದೇ ಆಬ್ಜೆಕ್ಟಾ ಎಂದು ಕೇಳಿದರೆ ಭಾಷೆ "ಅಲ್ಲ" ಅನ್ನುತ್ತದೆ. ಒಂದನ್ನು ಒಂದೇ ಸಲ ಇಟ್ಟುಕೊಳ್ಳಬೇಕಾದ ಸೆಟ್ಟಿನೊಳಗೂ ಎರಡೂ ಸೇರಿಕೊಳ್ಳುತ್ತವೆ, ಮೊತ್ತ ಎರಡು ಪಟ್ಟು ಆಗುತ್ತದೆ.

ಸಮಾನತೆಯನ್ನು ಯಾವಾಗಲೂ ಲಾಟ್ ನಂಬರಿನಿಂದ ನೋಡಿ, ಕ್ಲಾಸಿನ ಹೆಸರಿನಿಂದ ಬೇಡ. ಹೋಲಿಸುವಾಗ ಎದುರಿನ ಆಬ್ಜೆಕ್ಟಿನ ಫೀಲ್ಡನ್ನು ನೇರವಾಗಿ ಮುಟ್ಟಬೇಡಿ, ಮೆಥಡ್ ಮೂಲಕವೇ ಕೇಳಿ. ಹೈಬರ್ನೇಟಿನಂಥ ಕಡೆ ಪ್ರಾಕ್ಸಿ ಎಂಬುದು ಅಸಲಿ ಕ್ಲಾಸಿನ ಉಪಕ್ಲಾಸ್. ಅದರ ಸ್ವಂತ ಫೀಲ್ಡುಗಳಲ್ಲಿ ಏನೂ ತುಂಬಿರುವುದಿಲ್ಲ. ಎದುರು.ನಂ ಎಂದು ನೇರವಾಗಿ ಓದಿದರೆ ಖಾಲಿ ಸಿಗುತ್ತದೆ, ಎದುರು.ನಂಬರ್() ಎಂದರೆ ಸರಿಯಾದ ಉತ್ತರ ಬರುತ್ತದೆ. ಕಣ್ಣಿಗೆ ಎರಡೂ ಒಂದೇ ತರಹ ಕಾಣುವುದರಿಂದ ಈ ದೋಷ ಹಿಡಿಯುವುದು ಕಷ್ಟ.

ಎರಡು ಗುರುತಿನ ರಗಳೆಯೇ ಬೇಡ ಅನ್ನುವವರಿಗೆ ಗೋಸ್ಟ್ ಎಂಬ ಇನ್ನೊಂದು ಬಗೆ ಇದೆ. ಖಾಲಿ ಗೋಣಿಚೀಲಕ್ಕೆ ಮೊದಲೇ ನಂಬರ್ ಹಾಕಿ ಇಟ್ಟು, ಬೇಕಾದಾಗ ಅದೇ ಚೀಲಕ್ಕೆ ಅಡಿಕೆ ತುಂಬುವುದು. ಆಬ್ಜೆಕ್ಟ್ ಒಂದೇ, ಗುರುತೂ ಒಂದೇ. 2024ರ ನವೆಂಬರಿನಲ್ಲಿ ಬಂದ ಪಿಎಚ್‌ಪಿ 8.4ರಲ್ಲಿ ಗೋಸ್ಟ್ ಮತ್ತು ಪ್ರಾಕ್ಸಿ ಎರಡೂ ಭಾಷೆಯೊಳಗೇ ಸೇರಿವೆ. ಅಸಲಿಯನ್ನು ಸೃಷ್ಟಿಸುವುದು ನಿಮ್ಮ ಕೈಯಲ್ಲಿದ್ದರೆ ಗೋಸ್ಟ್ ಆರಿಸಿ. ಬೇರೆಯವರ ಫ್ಯಾಕ್ಟರಿ ಅದನ್ನು ಕಟ್ಟಿಕೊಡುವುದಾದರೆ ಪ್ರಾಕ್ಸಿಯೇ ಗತಿ.

ಕೈಯಿಂದ ಬರೆಯಬೇಕೋ, ಸಿದ್ಧವಾದದ್ದು ಬಳಸಬೇಕೋ

ನಾಲ್ಕೈದು ಮೆಥಡ್ಡುಗಳ ಇಂಟರ್‌ಫೇಸಿಗೆ ಕೈಬರಹವೇ ಚೆಂದ. ಓದಿದವರಿಗೆ ಅರ್ಥವಾಗುತ್ತದೆ. ಮೂವತ್ತು ಮೆಥಡ್ ಇದ್ದರೆ ಭಾಷೆಯ ಸಹಾಯ ಪಡೆಯಿರಿ. ಜಾವಾದಲ್ಲಿ 2000ನೇ ಇಸವಿಯ 1.3 ಆವೃತ್ತಿಯಿಂದಲೂ, ಓಡುವಾಗಲೇ ಪ್ರಾಕ್ಸಿ ಕಟ್ಟಿಕೊಡುವ ಡೈನಾಮಿಕ್ ಪ್ರಾಕ್ಸಿ ಇದೆ, ಆದರೆ ಇಂಟರ್‌ಫೇಸಿಗೆ ಮಾತ್ರ. ಜಾವಾಸ್ಕ್ರಿಪ್ಟಿಗೆ 2015ರ ಆವೃತ್ತಿಯಲ್ಲಿ ಪ್ರಾಕ್ಸಿ ಎಂಬ ಹೆಸರಿನಲ್ಲೇ ಬಂತು. ಪೈಥಾನಿನಲ್ಲಿ ಗೆಟ್‌ಆಟ್ರ್ ಎಂಬ ವಿಶೇಷ ಮೆಥಡ್ ಬರೆದರೆ, ಪ್ರಾಕ್ಸಿಯಲ್ಲಿ ಇಲ್ಲದ ಹೆಸರು ಕೇಳಿದಾಗಲೆಲ್ಲ ಅದು ಓಡುತ್ತದೆ. ಆದರೆ ಉದ್ದ ಕೇಳುವ ಲೆನ್ ಫಂಕ್ಷನ್ನಿನಂಥವು ಆ ದಾರಿಯಲ್ಲಿ ಬರುವುದಿಲ್ಲ, ಅವು ನೇರವಾಗಿ ಕ್ಲಾಸಿನಲ್ಲೇ ಹುಡುಕುತ್ತವೆ. ಅವನ್ನು ಕೈಯಾರೆ ಬರೆಯಲೇಬೇಕು.

ಹೈಬರ್ನೇಟಿನಂತೆ ಉಪಕ್ಲಾಸ್ ಮಾಡುವ ಸಾಧನಗಳಿಗೆ ಉಪಕ್ಲಾಸ್ ಮಾಡದಂತೆ ಫೈನಲ್ ಎಂದು ಮುಚ್ಚಿದ ಕ್ಲಾಸ್ ಆಗುವುದಿಲ್ಲ. ಡಾಟ್‌ನೆಟ್ಟಿನಲ್ಲಿ ಇದೇ ಕೆಲಸ ಮಾಡುವ ಎಂಟಿಟಿ ಫ್ರೇಮ್‌ವರ್ಕ್ ಕೋರಿನ ಲೇಜಿ ಪ್ರಾಕ್ಸಿಗೂ, ಬೇರೆ ಆಬ್ಜೆಕ್ಟುಗಳತ್ತ ಕೈತೋರುವ ಪ್ರಾಪರ್ಟಿಗಳು ವರ್ಚುವಲ್ (ಉಪಕ್ಲಾಸ್ ಬದಲಿಸಬಹುದಾದಂಥವು) ಆಗಿರಬೇಕು.

ಪರೀಕ್ಷೆ: ಹಮಾಲರ ಓಡಾಟ ಎಣಿಸಿ

ತರುವ_ಕೆಲಸವನ್ನು ಹೊರಗಿನಿಂದ ಕೊಟ್ಟಿದ್ದು ಇಲ್ಲಿ ಉಪಯೋಗಕ್ಕೆ ಬಂತು. ನಿಜವಾದ ಡೇಟಾಬೇಸ್ ಬದಲು, ಎಷ್ಟು ಸಲ ಕರೆದರು ಎಂದು ಎಣಿಸುವ ಒಂದು ಫಂಕ್ಷನ್ ಕೊಡಿ.

```
ಚೀಟಿ = ಲಾಟ್_ಚೀಟಿ(417, 62, ಎಣಿಸುವ_ಕೆಲಸ)
ಎಣಿಕೆ 0 ಇರಬೇಕು

ಚೀಟಿ.ನಂಬರ್()
ಚೀಟಿ.ಒಳಬಂದಾಗಿನ_ತೂಕ()
ಅಕ್ಷರರೂಪ(ಚೀಟಿ)
ಎಣಿಕೆ ಈಗಲೂ 0 ಇರಬೇಕು

ಚೀಟಿ.ಫೋಟೋಗಳು()
ಎಣಿಕೆ 1 ಇರಬೇಕು

ಚೀಟಿ.ತೇವಾಂಶ_ವರದಿ()
ಎಣಿಕೆ 1 ಆಗಿಯೇ ಇರಬೇಕು
```

ಮೂರನೆಯ ಕರೆಯನ್ನು ನೋಡಿ, ಅಕ್ಷರರೂಪ. ಈ ಒಂದು ಸಾಲು ಮೊದಲೇ ಇದ್ದಿದ್ದರೆ ನನ್ನ ಅರ್ಧ ದಿನ ಉಳಿಯುತ್ತಿತ್ತು. ಮೊದಲ ಸಲ ಎಕ್ಸೆಪ್ಷನ್ ಎಸೆದು ಎರಡನೇ ಸಲ ಸರಿಯಾಗಿ ಕೊಡುವ ಇನ್ನೊಂದು ಫಂಕ್ಷನ್ ಬರೆದು, ಚೀಟಿ ಚೇತರಿಸಿಕೊಳ್ಳುತ್ತದಾ ಎಂದೂ ನೋಡಿ. ಓಡುತ್ತಿರುವ ಸಾಫ್ಟ್‌ವೇರಿನಲ್ಲೂ ಬಿಚ್ಚು() ಒಳಗೆ ಒಂದು ಎಣಿಕೆ ಇಟ್ಟು, ದಿನದ ಕೊನೆಗೆ ಲಾಗಿನಲ್ಲಿ ಬರೆಸಿ.

ಎಲ್ಲಿ ಬೇಡ

ಪ್ರಾಕ್ಸಿ ಕೆಲಸ ಮಾಡಿದ ಖುಷಿಯಲ್ಲಿ ನಾನು ಇನ್ನಷ್ಟು ಕಡೆ ಹಾಕಿದೆ. ಪ್ರಿಂಟರ್ ಸೆಟ್ಟಿಂಗಿಗೆ, ಬಳಕೆದಾರರ ಹೆಸರಿಗೆ, ಕೊನೆಗೆ ದರದ ಪಟ್ಟಿಗೂ. ಪ್ರಿಂಟರಿನದ್ದು ಬರೀ ನಾಲ್ಕು ಸಾಲಿನ ಫೈಲ್. ಅದಕ್ಕೆ ಪ್ರಾಕ್ಸಿ ಎಂದರೆ ಒಂದು ಹಿಡಿ ಅಡಿಕೆಗೆ ಗೋಡೌನ್ ಬಾಡಿಗೆಗೆ ಹಿಡಿದಂತೆ. ಅದನ್ನು ಮರುದಿನವೇ ತೆಗೆದೆ.

ದರದ ಪಟ್ಟಿಯದ್ದು ಬೇರೆ ಕಥೆ. ಅದು ನಿಜವಾಗಿಯೂ ಭಾರ, ಹಳೆಯ ದರಗಳನ್ನೆಲ್ಲ ಓದಿ ಲೆಕ್ಕ ಹಾಕಬೇಕು. ಲೇಜಿ ಮಾಡಿದ್ದರಿಂದ ಸಾಫ್ಟ್‌ವೇರ್ ಬೇಗ ತೆರೆಯಿತು. ಆದರೆ ಬೆಳಿಗ್ಗೆ ಮೊದಲು ಬಂದವರ ಬಿಲ್ ಮಾಡುವಾಗಲೇ ಅದು ಬಿಚ್ಚಿಕೊಳ್ಳುತ್ತಿತ್ತು. ಕಾಯುವ ಹೊತ್ತು ಗುಮಾಸ್ತರ ಕಾಫಿಯ ಸಮಯದಿಂದ ಎದ್ದು, ಊರಿಂದ ಮೊದಲ ಬಸ್ಸಿಗೆ ಬಂದು ಕೌಂಟರಿನ ಮುಂದೆ ನಿಂತವರ ತಲೆಯ ಮೇಲೆ ಹೋಗಿ ಕೂತಿತ್ತು. ಅವರು ನಿಂತಿರುವುದು, ಗುಮಾಸ್ತರು ಪರದೆ ತಟ್ಟುವುದು, ನಾನು ಒಂದು ದಿನ ಅಲ್ಲೇ ಕೂತು ನೋಡಿದೆ.

ದರದ ಪಟ್ಟಿಯ ಪ್ರಾಕ್ಸಿ ಕಿತ್ತು ಹಾಕಿದೆ. ಈಗ ಅದು ಸಾಫ್ಟ್‌ವೇರ್ ತೆರೆದ ಕೂಡಲೇ ಹಿಂಬದಿಯ ಥ್ರೆಡ್ಡಿನಲ್ಲಿ ತುಂಬಿಕೊಳ್ಳುತ್ತದೆ. ಗುಮಾಸ್ತರು ಕಂಪ್ಯೂಟರ್ ಹಚ್ಚಿ, ದೇವರ ಪಟಕ್ಕೆ ಊದುಬತ್ತಿ ಬೆಳಗಿ, ಕಾಫಿಗೆ ಹೋಗುತ್ತಾರೆ. ಅವರು ವಾಪಸ್ ಬರುವಷ್ಟರಲ್ಲಿ ದರ ಸಿದ್ಧವಾಗಿರುತ್ತದೆ. ಲಾಟುಗಳ ಮೂಟೆಗಳು ಮಾತ್ರ ಗೋಡೌನಿನಲ್ಲೇ ಇರುತ್ತವೆ.